ಟ್ಯಾಂಕು ಮೊದಲು, ಮೋಟಾರು ಆಮೇಲೆ

ಸೈಕಲ್ಲಿಗೆ ಮೋಟಾರು ಕೂರಿಸುವ ಕಿಟ್ಟುಗಳ ಡಬ್ಬದ ಮೇಲೆ ಒಂದು ಭರವಸೆ ಅಚ್ಚಾಗಿರುತ್ತದೆ: 26 ಇಂಚಿನ ಸೈಕಲ್ಲಿಗೆ ಸರಿಹೊಂದುತ್ತದೆ. ಅಷ್ಟನ್ನೇ ನಂಬಿ ದುಡ್ಡು ಕೊಟ್ಟರೆ ಕೆಟ್ಟಿರಿ. 26 ಇಂಚು ಎಂದು ಹೇಳಿಕೊಳ್ಳುವ ಚಕ್ರಗಳು ನಾಲ್ಕಾರು ಬಗೆಯವು. ಒಂದರ ಟೈರು ಇನ್ನೊಂದರ ರಿಮ್ಮಿಗೆ ಏರುವುದಿಲ್ಲ. ಟೈರಿನ ಮೇಲೆ 26 × 1⅜ ಎಂದು ಭಿನ್ನರಾಶಿಯಲ್ಲಿ ಬರೆದಿದ್ದರೆ ಅದು ಕೂರುವ ಜಾಗದ ವ್ಯಾಸ 590 ಮಿಲಿಮೀಟರ್. 26 × 2.125 ಎಂದು ದಶಮಾಂಶದಲ್ಲಿ ಬರೆದಿದ್ದರೆ 559. ನಮ್ಮ ಹಾಲಿನವರ ಕರಿ ಸೈಕಲ್ಲಿನದು 28 ಇಂಚು, 635 ಮಿಲಿಮೀಟರ್. ಅದು ಈ ತಕರಾರಿಗೇ ಬರುವುದಿಲ್ಲ. ಡಬ್ಬ ಹೇಳುವ 26 ಇಂಚು ದಶಮಾಂಶದ್ದು, ಎಂದರೆ ಮೌಂಟನ್ ಬೈಕಿನದು. ಮೌಂಟನ್ ಬೈಕಿಗೆ ಆ ಚಕ್ರ ಎಲ್ಲಿಂದ ಬಂತು ಎಂದು ಹಿಂದೆ ಹಿಂದೆ ಹೋದರೆ, ಕ್ಯಾಲಿಫೋರ್ನಿಯಾದ ಕಡಲ ಬದಿಯಲ್ಲಿ ಒಂದೇ ಗೇರಿನಲ್ಲಿ, ಯಾವ ಅವಸರವೂ ಇಲ್ಲದೆ ಓಡಾಡುವ ಬೀಚ್ ಕ್ರೂಸರಿನ ಹತ್ತಿರ ಹೋಗಿ ನಿಲ್ಲುತ್ತೇವೆ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯ ಹುಡುಗರು ಗುಡ್ಡದ ಮಣ್ಣುದಾರಿಯಲ್ಲಿ ಧೂಳೆಬ್ಬಿಸಿ ಇಳಿಯಲು ಆರಿಸಿಕೊಂಡದ್ದು ಈ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನೇ. ಅವರ ಸೈಕಲ್ಲಿನಿಂದ ಮೌಂಟನ್ ಬೈಕು ಹುಟ್ಟಿತು, ಮೌಂಟನ್ ಬೈಕು ಜಗತ್ತೆಲ್ಲ ಹರಡಿದ್ದರಿಂದ 559 ಮಿಲಿಮೀಟರಿನ ಮೋಟಾರು ಚಕ್ರ ಅಗ್ಗವಾಯಿತು. ಇವತ್ತು ಕಿಟ್ಟು ಕ್ರೂಸರಿಗೆ ಹೊಂದುತ್ತದೆ ಎಂದರೆ ಅದರ ಸ್ವಂತ ಚಕ್ರವೇ ಊರು ಸುತ್ತಿ ಮನೆಗೆ ಬಂದಿದೆ ಎಂದರ್ಥ.

ಆದರೂ ಕ್ರೂಸರಿಗೆ ಮೋಟಾರು ಹಾಕುವುದನ್ನು ಅಪಚಾರವೆಂದು ಭಾವಿಸುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಅಗಲವಾಗಿ ಬಾಗಿದ ಹ್ಯಾಂಡಲ್ಲು, ಸ್ಪ್ರಿಂಗಿನ ದೊಡ್ಡ ಸೀಟು, ಬೆನ್ನು ನೆಟ್ಟಗಿಟ್ಟುಕೊಂಡು ಕೂರುವ ಠೀವಿ, ಹಿಂದಕ್ಕೆ ಪೆಡಲು ತುಳಿದರೆ ಹಿಡಿಯುವ ಬ್ರೇಕು. ಒಂದು ವೈರಿಲ್ಲ, ಒಂದು ಕೇಬಲ್ಲಿಲ್ಲ. ಇಷ್ಟು ಕಡಿಮೆಯಲ್ಲಿ ತೃಪ್ತಿಪಟ್ಟುಕೊಂಡಿರುವ ಗಾಡಿಯ ಮೈತುಂಬ ವೈರು ಸುತ್ತುವುದೇಕೆ ಎಂಬುದು ಅವರ ಪ್ರಶ್ನೆ. ರೇಸಿನ ಸೈಕಲ್ಲಿನ ಬಗ್ಗೆ ಈ ಮಾತು ಹೇಳಿದ್ದರೆ ನಾನೂ ತಲೆದೂಗುತ್ತಿದ್ದೆ. ಸವಾರನ ಕಾಲನ್ನೇ ನಂಬಿ, ಗ್ರಾಂ ಗ್ರಾಂ ಲೆಕ್ಕ ಹಾಕಿ ಮಾಡಿದ ಗಾಡಿ ಅದು. ಕ್ರೂಸರಿನ ವಿಷಯ ಬೇರೆ. ಜಗತ್ತಿನ ಯಾವ ಸೈಕಲ್ಲಿಗೆ ಮೋಟಾರಿನ ಹಕ್ಕು ಇಲ್ಲದಿದ್ದರೂ ಇದಕ್ಕೆ ಇದೆ, ಹುಟ್ಟಿನಿಂದಲೇ ಇದೆ ಎಂಬುದು ನನ್ನ ವಾದ. ಸಾಕ್ಷಿ ಬೇಕೆಂದರೆ ಅದರ ಹೊಟ್ಟೆಯಲ್ಲಿರುವ ತಗಡಿನ ಟ್ಯಾಂಕನ್ನು ನೋಡಬೇಕು.

ಟ್ಯಾಂಕಿನ ಕಥೆ ಮೋಟಾರ್‌ಸೈಕಲ್ಲಿನಿಂದ ಶುರುವಾಗುತ್ತದೆ. ಜರ್ಮನಿಯಿಂದ ವಲಸೆ ಬಂದ ಇಗ್ನಾಜ್ ಶ್ವಿನ್ 1895ರಲ್ಲಿ ಪಾಲುದಾರರೊಬ್ಬರ ಜೊತೆ ಶಿಕಾಗೋದಲ್ಲಿ ಸೈಕಲ್ ಕಂಪನಿ ತೆರೆದ. ಮುಂದೆ ಎಕ್ಸೆಲ್ಸಿಯರ್ ಎಂಬ ಮೋಟಾರ್‌ಸೈಕಲ್ ಕಂಪನಿಯನ್ನು ಕೊಂಡ, ಆಮೇಲೆ ಹೆಂಡರ್‌ಸನ್ನನ್ನೂ ಸೇರಿಸಿಕೊಂಡ. ಹಾರ್ಲೆ, ಇಂಡಿಯನ್ ಎಂಬ ಹೆಸರುಗಳ ಪಕ್ಕದಲ್ಲಿ ಮೂರನೆಯದಾಗಿ ಎಕ್ಸೆಲ್ಸಿಯರ್ ಹೆಸರು ಬರುತ್ತಿದ್ದ ಕಾಲ ಅದು. ಮಹಾ ಆರ್ಥಿಕ ಕುಸಿತ ಬಂತು. ಇದು ಬೇಗ ಮುಗಿಯುವ ಕಷ್ಟವಲ್ಲ ಎಂದು ಲೆಕ್ಕ ಹಾಕಿದ ಮುದುಕ 1931ರಲ್ಲಿ ಮೋಟಾರ್‌ಸೈಕಲ್ ವಿಭಾಗಕ್ಕೆ ಬೀಗ ಹಾಕಿಬಿಟ್ಟ. ಕಾರ್ಖಾನೆಯಲ್ಲಿ ಸೈಕಲ್ಲು ಮಾತ್ರ ಉಳಿಯಿತು, ಅದನ್ನು ಕೊಳ್ಳುವ ದೊಡ್ಡವರೂ ಇರಲಿಲ್ಲ. ಅಮೆರಿಕದಲ್ಲಿ ಸೈಕಲ್ಲು ಆಗಲೇ ಮಕ್ಕಳ ಸಾಮಾನಾಗಿತ್ತು. ಆಗ ಮಗ ಫ್ರ್ಯಾಂಕ್ ಶ್ವಿನ್ ಮಾಡಿದ ಕೆಲಸ ಗಮನಿಸಿ. 1933-34ರ ಸುಮಾರಿಗೆ ಅವನು ಹೊರತಂದ ಹುಡುಗರ ಸೈಕಲ್ಲಿಗೆ 2.125 ಇಂಚಿನ ಬಲೂನ್ ಟೈರು ಬಂತು, ಕಾರಿನಂಥ ಮಡ್‌ಗಾರ್ಡು ಬಂತು, ಹೆಡ್‌ಲೈಟು ಬಂತು, ಮೇಲಿನ ಎರಡು ಕೊಳವೆಗಳ ನಡುವೆ ಪೆಟ್ರೋಲ್ ಟ್ಯಾಂಕಿನ ಆಕಾರದ ಒಂದು ಡಬ್ಬಿ ಬಂತು. ಆ ಸಾಲಿನ ಮೊದಲ ಮಾದರಿಯ ಹೆಸರು ಮೋಟಾರ್‌ಬೈಕ್. ಮೋಟಾರೊಂದು ಬಿಟ್ಟು ಬೇರೆಲ್ಲ ಇತ್ತು. ಎರಡು ವರ್ಷದ ಹಿಂದೆ ಅಪ್ಪ ಮುಚ್ಚಿದ ಕಾರ್ಖಾನೆ ಮಗನ ಸೈಕಲ್ಲಿನ ಹೊಟ್ಟೆಯಲ್ಲಿ ಹೀಗೆ ಕಾಣಿಸಿಕೊಂಡಿತು ಎಂದು ನಾನು ಓದಿಕೊಳ್ಳುತ್ತೇನೆ. ಇದು ವ್ಯಾಪಾರದ ಜಾಣತನ ಅಷ್ಟೇ, ಅದಕ್ಕೆ ಕರುಳಿನ ಕಥೆ ಕಟ್ಟಬೇಡಿ ಎಂದು ಯಾರಾದರೂ ಹೇಳಬಹುದು. ವ್ಯಾಪಾರವೇ ಇರಲಿ. ಪತ್ರಿಕೆ ಹಂಚುವ ಹುಡುಗ ಕೊಂಡದ್ದು ಸೈಕಲ್ಲನ್ನಲ್ಲ, ಮುಂದೊಂದು ದಿನದ ಮೋಟಾರ್‌ಸೈಕಲ್ಲನ್ನು ಎಂಬುದು ಆ ವ್ಯಾಪಾರದಿಂದಲೇ ಸಾಬೀತಾಗುತ್ತದೆ.

ಆ ಟ್ಯಾಂಕನ್ನು ಹತ್ತಿರದಿಂದ ನೋಡಬೇಕು. ಎಡಕ್ಕೊಂದು ಬಲಕ್ಕೊಂದು ಒತ್ತಿ ಮಾಡಿದ ತಗಡಿನ ಎರಡು ಹೋಳು, ಅವನ್ನು ಕೂಡಿಸಿ ಬಿಗಿಯುವ ಸ್ಕ್ರೂಗಳು. ಪೆಟ್ರೋಲಿನ ಹನಿಯೂ ಕಾಣದ ಅದರ ಹೊರಮೈಗೆ ಎರಡು ಬಣ್ಣ, ಅಂಚಿಗೆ ಕೈಯಿಂದ ಎಳೆದ ಗೀಟು, ಒಂದು ಪಕ್ಕಕ್ಕೆ ಗುಂಡಿ. ಗುಂಡಿ ಒತ್ತಿದರೆ ಒಳಗಿರುವ ಹಾರ್ನು ಕೂಗುತ್ತದೆ. ಆ ಹಾರ್ನಿಗೆ ಕರೆಂಟು? ಅದೇ ಟ್ಯಾಂಕಿನ ಒಳಗೆ ಇಟ್ಟ ದಪ್ಪ ಟಾರ್ಚ್ ಸೆಲ್ಲುಗಳಿಂದ. ಹಳೆಯ ಸೈಕಲ್ಲು ಸಂಗ್ರಹಿಸುವವರು ಟ್ಯಾಂಕು ಬಿಚ್ಚಿದಾಗ ಮೊದಲು ನೋಡುವುದೇ ಸೆಲ್ಲು ಸೋರಿ ತಗಡು ತಿಂದ ಗುರುತು ಎಷ್ಟಿದೆ ಎಂದು. ಎಂದರೆ ಕ್ರೂಸರಿನ ಮೈಯಲ್ಲಿ ಬ್ಯಾಟರಿಗೆಂದೇ ಒಂದು ಕೋಣೆ ಸುಮಾರು ತೊಂಬತ್ತು ವರ್ಷದಿಂದ ಇದೆ. ಅದಕ್ಕೆ ಬಾಗಿಲಿದೆ, ಸ್ವಿಚ್ಚಿದೆ, ವೈರು ಹೋಗುವ ದಾರಿಯೂ ಇದೆ. ಒಂದು ವೈರೂ ಇಲ್ಲದ ಸರಳ ಗಾಡಿ ಎಂದು ನಾವು ಹೊಗಳುವ ಕ್ರೂಸರು, 1970ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಿನ ಕಡೆಯವರು ಹಳೆಯದನ್ನು ಸುಲಿದು, ಟ್ಯಾಂಕು ಮಡ್‌ಗಾರ್ಡು ಕಳಚಿ, ಸರ್ಫ್ ಹಲಗೆ ಹಿಡಿದು ಸವಾರಿ ಮಾಡಲು ಹಗುರಮಾಡಿದ ರೂಪ. ಸರಳತೆ ಆಮೇಲೆ ಬಂದದ್ದು, ಬ್ಯಾಟರಿ ಮೊದಲಿನದು. ಶುದ್ಧಾಚಾರ ಬೇಕೆಂದರೆ ಎಷ್ಟು ಹಿಂದಕ್ಕೆ ಹೋಗಿ ನಿಲ್ಲಬೇಕೆಂದು ಶುದ್ಧಾಚಾರದವರೇ ಹೇಳಬೇಕು.

ಮೋಟಾರಿನ ವಂಶಾವಳಿಯೂ ಚಿಕ್ಕದಲ್ಲ. ಓಹಾಯೋದ ಕ್ಯಾಂಟನ್ ಊರಿನ ಆಗ್ಡೆನ್ ಬೋಲ್ಟನ್ ಎಂಬವನಿಗೆ ಸೈಕಲ್ಲಿನ ಹಿಂದಿನ ಚಕ್ರದ ಹಬ್ಬಿನೊಳಗೆ ವಿದ್ಯುತ್ ಮೋಟಾರು ಕೂರಿಸುವ ಪೇಟೆಂಟು ಸಿಕ್ಕಿದ್ದು 1895ರ ಡಿಸೆಂಬರ್ 31ರಂದು, ಶ್ವಿನ್ ಅಂಗಡಿ ತೆರೆದ ಅದೇ ವರ್ಷ. ಹತ್ತು ವೋಲ್ಟಿನ ಬ್ಯಾಟರಿ, ನೂರು ಆಂಪಿಯರ್ ವರೆಗೆ ಕರೆಂಟು ಎಂದು ಅದರಲ್ಲಿದೆ. ಲೆಕ್ಕ ಸರಿಯಾಗಿತ್ತು, ಹೊರಲು ತಕ್ಕ ಬ್ಯಾಟರಿ ಇರಲಿಲ್ಲ. ಬ್ಯಾಟರಿಗೆ ಕಾಯದವರು ಪೆಟ್ರೋಲಿಗೆ ಹೋದರು. 1939ರಲ್ಲಿ ಲಾಸ್ ಏಂಜಲೀಸಿನ ಒಂದು ಕಂಪನಿ ವಿಜ್ಜರ್ ಎಂಬ ಪುಟ್ಟ ಎಂಜಿನ್ನಿನ ಕಿಟ್ಟನ್ನು ಮಾರಾಟಕ್ಕಿಟ್ಟಿತು. ಒಂದು ಅಶ್ವಶಕ್ತಿಗಿಂತ ತುಸು ಹೆಚ್ಚು. ಮೊದಲು ಟೈರಿಗೆ ಉಜ್ಜುವ ರೋಲರು, ಆಮೇಲೆ ಬೆಲ್ಟು. ಅದು ಕೂರುತ್ತಿದ್ದದ್ದು ಇದೇ ಬಲೂನ್ ಟೈರಿನ ಸೈಕಲ್ಲಿನ ಹೊಟ್ಟೆಯಲ್ಲಿ. ಮನೆಯಲ್ಲೇ ಸ್ಪ್ಯಾನರು ಹಿಡಿದು ಕ್ರೂಸರಿಗೆ ಮೋಟಾರು ಹಾಕುವ ಇವತ್ತಿನವರು ಸಂಪ್ರದಾಯ ಮುರಿಯುತ್ತಿದ್ದಾರೆ ಎನ್ನುವವರು, ಅವರ ತಾತಂದಿರು ಏನು ಮಾಡುತ್ತಿದ್ದರು ಎಂದು ವಿಚಾರಿಸಲಿ.

ಇನ್ನು ಆಕ್ಷೇಪಗಳು. ತುಳಿಯುವ ಸುಖವೇ ಹೋಗುತ್ತದಲ್ಲ ಎಂಬುದು ಎಲ್ಲರೂ ಮೊದಲು ಎತ್ತುವ ಮಾತು. ಕ್ರೂಸರನ್ನು ಗಾಳಿಯಿಲ್ಲದ ಬೆಳಗಿನಲ್ಲಿ ಮಾತ್ರ ಕಲ್ಪಿಸಿಕೊಂಡವರ ಮಾತು ಅದು. ಲಾಸ್ ಏಂಜಲೀಸಿನ ಕಡಲ ದಂಡೆಯ ಸೈಕಲ್ ದಾರಿ ವಿಲ್ ರೋಜರ್ಸ್ ಬೀಚಿನಿಂದ ಟಾರೆನ್ಸ್ ತನಕ ಸುಮಾರು 35 ಕಿಲೋಮೀಟರ್. ನೆಲ ಚಪ್ಪಟೆ, ನಿಜ. ಆದರೆ ಮಧ್ಯಾಹ್ನವಾದ ಮೇಲೆ ಸಮುದ್ರದ ಗಾಳಿ ಏಳುತ್ತದೆ, ಕ್ರೂಸರಿನ ಸವಾರ ಎದೆ ತೆರೆದು ಹಾಯಿ ಹಾಗೆ ಕೂತಿರುತ್ತಾನೆ. ಗಾಳಿಯ ಲೆಕ್ಕ ಕ್ರೂರ: ವೇಗ ಎರಡರಷ್ಟಾದರೆ ಅದನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟು. ಸಾಧಾರಣ ಮನುಷ್ಯ ಗಂಟೆಗಟ್ಟಲೆ ಕೊಡಬಲ್ಲದ್ದು ನೂರು ವ್ಯಾಟಿನ ಆಸುಪಾಸು. ಗೇರೊಂದೇ, ಗಾಡಿಯ ತೂಕ ಇಪ್ಪತ್ತು ಕೆ.ಜಿ.ಯ ಹತ್ತಿರ, ಎದುರು ಗಾಳಿ. ಅಲ್ಲಿ ಇನ್ನೂರು ವ್ಯಾಟು ಜೊತೆಗೆ ಸಿಕ್ಕರೆ ತುಳಿಯುವ ಸುಖ ಹೋಗುವುದಿಲ್ಲ, ಮರಳಿ ಬರುತ್ತದೆ. ಇದೇ ಲೆಕ್ಕ ಅತಿಯಾಸೆಗೂ ಉತ್ತರ ಹೇಳುತ್ತದೆ. ಅಮೆರಿಕದ ಕಾನೂನು 750 ವ್ಯಾಟು, ಗಂಟೆಗೆ 32 ಕಿಲೋಮೀಟರ್ ತನಕ ಸೈಕಲ್ಲೆಂದೇ ಒಪ್ಪುತ್ತದೆ; 750 ವ್ಯಾಟೆಂದರೆ ಒಂದು ಅಶ್ವಶಕ್ತಿ, ವಿಜ್ಜರಿನ ಹತ್ತಿರಕ್ಕೇ ಬಂದಂತಾಯಿತು. ಭಾರತದಲ್ಲಿ ನೋಂದಣಿ, ಲೈಸೆನ್ಸು ಬೇಡದ ಮಿತಿ 250 ವ್ಯಾಟು, 25 ಕಿಲೋಮೀಟರ್. ನೆಟ್ಟಗೆ ಕೂರುವ ಗಾಡಿಗೆ ನಮ್ಮ ಮಿತಿಯೇ ಲಾಯಕ್ಕು. 36 ವೋಲ್ಟು, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವ್ಯಾಟ್-ಗಂಟೆ ಇರುತ್ತದೆ. ತುಳಿಯುತ್ತಾ ನಿಧಾನಕ್ಕೆ ಹೋದರೆ ಕಿಲೋಮೀಟರಿಗೆ ಹತ್ತರಂತೆ ಖರ್ಚು, ಆ ದಂಡೆಯ ದಾರಿ ಒಂದು ತುದಿಯಿಂದ ಇನ್ನೊಂದಕ್ಕೆ ಮುಗಿಯುತ್ತದೆ. ವಾಪಸು ಬರಲು ಕಾಲಿದೆ.

ಮಾಡಿಸಿಕೊಳ್ಳುವ ತಾಪತ್ರಯಕ್ಕಿಂತ ತಯಾರಾದ ಎಲೆಕ್ಟ್ರಿಕ್ ಸೈಕಲ್ಲನ್ನೇ ಕೊಂಡರಾಗದೇ? ಬರೀ ದುಡ್ಡಿನ ಲೆಕ್ಕವಾದರೆ ಆಗುತ್ತದೆ. ಕೈಯಲ್ಲಿ ಒಳ್ಳೆಯ ಸ್ಟೀಲಿನ ಹಳೆಯ ಗಾಡಿ ಇದ್ದವರ ಮಾತು ಬೇರೆ. ಮಾರ್ಪಾಡಿನ ದಾರಿಯನ್ನು ಹಳೆಯ ಗಾಡಿಯೇ ನಿರ್ಧರಿಸುತ್ತದೆ ಎಂಬುದು ಇದರ ಸ್ವಾರಸ್ಯ. ಪೆಡಲಿನ ಜಾಗದಲ್ಲಿ ಕೂರುವ ಮೋಟಾರು ಹಾಕೋಣವೆಂದರೆ, ಅಮೆರಿಕದ ಕ್ರೂಸರಿನ ಕ್ರ್ಯಾಂಕು ಒಂದೇ ಕಬ್ಬಿಣದ ತುಂಡನ್ನು ಬಗ್ಗಿಸಿ ಮಾಡಿದ್ದು, ಅದು ಹಾಯುವ ರಂಧ್ರ 51 ಮಿಲಿಮೀಟರಿಗೂ ಹೆಚ್ಚು. ನಡುವೆ ಅಡಾಪ್ಟರು ತುರುಕದೆ ಮೋಟಾರು ನಿಲ್ಲುವುದಿಲ್ಲ. ಗೇರು ಒಂದೇ ಇರುವುದರಿಂದ ಅದರ ಲಾಭವೂ ಅರ್ಧ. ಹಿಂದಿನ ಚಕ್ರಕ್ಕೆ ಹಾಕಿದರೆ ಪೆಡಲು ಬ್ರೇಕು ಹೋಗುತ್ತದೆ. ಉಳಿಯುವುದು ಮುಂದಿನ ಚಕ್ರ. ಅಲ್ಲಿಯೂ ಹಳೆಯ ಫೋರ್ಕಿನ ತುದಿಯ ಸೀಳು ತೆಳು ಎಕ್ಸೆಲ್ಲಿಗೆಂದು ಕೊರೆದದ್ದು. ಮೋಟಾರಿನ ಎಕ್ಸೆಲ್ಲು ಹತ್ತು ಮಿಲಿಮೀಟರ್, ಅರದಿಂದ ಉಜ್ಜಿ ಕೂರಿಸಬೇಕು. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸಿದಷ್ಟೂ ಎಕ್ಸೆಲ್ಲು ಹಿಂದಕ್ಕೆ ತಿರುಗಲು ನೋಡುತ್ತದೆ. ನಟ್ಟೊಂದನ್ನೇ ನಂಬಿದರೆ ಒಂದು ದಿನ ಸೀಳು ಅಗಲವಾಗಿ, ವೈರು ಹುರಿಗೊಂಡು, ಚಕ್ರ ಕಳಚಿ ಬರುತ್ತದೆ. ಅದಕ್ಕೇ ಎಕ್ಸೆಲ್ಲನ್ನು ಹಿಡಿದು ಫೋರ್ಕಿಗೆ ಕಟ್ಟುವ ಟಾರ್ಕ್ ಆರ್ಮ್ ಎಂಬ ಸ್ಟೀಲಿನ ಪಟ್ಟಿ. ಅಲ್ಯೂಮಿನಿಯಮ್ ಫೋರ್ಕಿಗೆ, ಸ್ಪ್ರಿಂಗಿರುವ ಹಳೆಯ ಫೋರ್ಕಿಗೆ ಈ ಸಾಹಸ ಬೇಡವೇ ಬೇಡ.

ನನಗೆ ಉತ್ತರ ಕೊಡಲು ಕಷ್ಟವಾಗುವ ಆಕ್ಷೇಪ ಬ್ರೇಕಿನದು, ಅದನ್ನು ಸೌಂದರ್ಯದ ಮಾತಿನಿಂದ ತೇಲಿಸಲಾಗದು. ಮರಿನ್ ಕೌಂಟಿಯ ಗುಡ್ಡದಲ್ಲಿ 1976ರಿಂದ ನಡೆದ ಇಳಿಜಾರಿನ ಪಂದ್ಯಕ್ಕೆ ರೀಪ್ಯಾಕ್ ಎಂದು ಹೆಸರು ಬಂದದ್ದೇ ಈ ಬ್ರೇಕಿನಿಂದ: ಒಂದು ಸಲ ಇಳಿದರೆ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು, ಬಿಚ್ಚಿ ಹೊಸದಾಗಿ ತುಂಬಬೇಕಾಗುತ್ತಿತ್ತು. ಚಪ್ಪಟೆ ದಂಡೆಯಲ್ಲಿ ಹಾಗಾಗುವುದಿಲ್ಲ ಎಂದು ಸಮಾಧಾನ ಹೇಳಬಹುದು, ಆದರೆ ತೊಂದರೆ ಇನ್ನೊಂದಿದೆ. ಕಿಟ್ಟಿನ ಬ್ರೇಕು ಹಿಡಿಯಲ್ಲಿ ಒಂದು ಪುಟ್ಟ ಸ್ವಿಚ್ಚಿರುತ್ತದೆ. ಬ್ರೇಕು ಎಳೆದ ಕ್ಷಣ ಅದು ಮೋಟಾರಿನ ಕರೆಂಟು ಕಡಿಯುತ್ತದೆ. ಕಾಲಿನ ಬ್ರೇಕಿಗೆ ಹಿಡಿಯೇ ಇಲ್ಲ, ಸ್ವಿಚ್ಚು ಎಲ್ಲಿಂದ ಬರಬೇಕು? ಸವಾರ ಹಿಂದಕ್ಕೆ ತುಳಿಯುತ್ತಿರುವಾಗ ಮೋಟಾರು ಇನ್ನೂ ಮುಂದಕ್ಕೆ ಎಳೆಯುತ್ತಿರಬಹುದು. ಇದಕ್ಕೆ ಇರುವುದು ಒಂದೇ ದಾರಿ: ಮುಂದಿನ ಚಕ್ರಕ್ಕೆ ಕೈಬ್ರೇಕು, ಸ್ವಿಚ್ಚಿರುವ ಹಿಡಿ. ಕಿಟ್ಟಿನ ಚಕ್ರಕ್ಕೆ ಅಲಾಯ್ ರಿಮ್ಮು ಇದ್ದರೆ ಹಳೆಯ ಕ್ರೋಮ್ ರಿಮ್ಮಿಗಿಂತ ಒದ್ದೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ, ಅಷ್ಟು ಲಾಭ. ದಪ್ಪ ಟೈರನ್ನು ದಾಟಿ ರಿಮ್ಮು ಮುಟ್ಟುವಷ್ಟು ಉದ್ದ ತೋಳಿನ ಬ್ರೇಕನ್ನು ಹುಡುಕಬೇಕು. ಆಸೆಯಿಂದ ಬ್ಯಾಟರಿಯನ್ನು ಹಳೆಯ ಟ್ಯಾಂಕಿನೊಳಗೇ ಇಡಲು ಹೊರಟವರು ತಗಡಿನ ಅಂಚಿಗೆಲ್ಲ ರಬ್ಬರು ಹೊದಿಸಿಕೊಳ್ಳಲಿ. ಟಾರ್ಚ್ ಸೆಲ್ಲು ಸೋರಿದರೆ ತಗಡು ಮಾತ್ರ ಹಾಳಾಗುತ್ತಿತ್ತು, ಲಿಥಿಯಮ್ ಪ್ಯಾಕಿನ ವೈರು ಕೊಯ್ದುಕೊಂಡರೆ ಬೆಂಕಿ. ಜಾಗ ಸಾಲದಿದ್ದರೆ ಕ್ಯಾರಿಯರ್ ಇದೆ. ಈ ಖರ್ಚುಗಳಲ್ಲಿ ಯಾವುದನ್ನು ಮುಂದೂಡಿದರೂ ಮುಂದಿನ ಬ್ರೇಕಿನದನ್ನು ಮಾತ್ರ ಮುಂದೂಡಬೇಡಿ. ಅದನ್ನು ಕೂರಿಸಲು ನಿಮ್ಮ ಫೋರ್ಕಿನಲ್ಲಿ ಜಾಗವೇ ಇಲ್ಲವೆಂದಾದರೆ, ಆ ಕ್ರೂಸರನ್ನು ತುಳಿದುಕೊಂಡೇ ಹೋಗಿ.