ಮಾಳಿಗೆಯ ತಂಪು, ತಗಡಿನ ಝಳ

ಸಾಸ್ತೂರ, ಉಮರ್ಗಾ, ನಿಲಂಗಾ ಕಡೆಯ ಹಳೆಯ ಮನೆಗಳನ್ನು ಬಲ್ಲವರಿಗೆ ಮಾಳಿಗೆಯ ತಂಪು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ, ಹಲಗೆ, ಅದರ ಮೇಲೆ ಒಂದೆರಡು ಅಡಿ ಮಣ್ಣು. ಹೊರಗೆ 40 ಡಿಗ್ರಿ ದಾಟಿದರೂ ಒಳಗೆ ನಿದ್ದೆ ಬರುತ್ತಿತ್ತು.

ಆ ತಂಪಿನ ಬೆಲೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ತಿಳಿಯಿತು. ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಎರಡಡಿ ಮಣ್ಣಿದ್ದರೆ 9 ಟನ್! ಗಣೇಶನನ್ನು ಕಳುಹಿಸಿ ಬಂದು ಮಲಗಿದ್ದ ಜನರ ಮೇಲೆ ಅದು ಕುಸಿಯಿತು. ಕಿಲ್ಲಾರಿ ಭೂಕಂಪದಲ್ಲಿ ಸತ್ತವರು ಎಂಟು ಸಾವಿರದಷ್ಟು.

ಆಮೇಲೆ ಬಂದದ್ದು ತಗಡು ಮತ್ತು ಕಾಂಕ್ರೀಟು. ತಗಡು ಹಗಲೆಲ್ಲ ಸುಡುತ್ತದೆ; ಕಾಂಕ್ರೀಟು ಹಗಲು ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತದೆ. ಈ ವಿಷಯ ಮಾತಾಡುವಾಗ ಒಬ್ಬ ತಾಯಿ ನಮಗೆ ಹೇಳಿದರು: "ಫಾದರ್, ಝಳ ಆದ್ರ ಅಂಗಳದಾಗ ಮಲಗ್ತೀವ್ರಿ. ಮಣ್ಣಿನ ಮಾಳಗಿ ಮಾತ್ರ ಬ್ಯಾಡ್ರಿ." ಇದಕ್ಕೆ ನಾವೇನು ಉತ್ತರ ಕೊಡೋಣ?

ಹಾಗಾದರೆ ಹಗುರವಾದದ್ದು ಬೇಕು. ಪೇಟೆಯಲ್ಲಿ ಥರ್ಮಾಕೋಲ್ ಇದೆ, ಹೊಲದಲ್ಲಿ ಕಬ್ಬಿನ ರವದಿ ಇದೆ. ಒಂದಿಂಚು ಥರ್ಮಾಕೋಲ್ ಮಾಡುವ ಕೆಲಸಕ್ಕೆ ಒಣ ಹುಲ್ಲು ಹೆಚ್ಚುಕಡಿಮೆ ಎರಡಿಂಚು ಬೇಕು; ಅಷ್ಟೇ ವ್ಯತ್ಯಾಸ. ಅದೇ ಕೋಣೆಯ ಮೇಲೆ ಅರ್ಧ ಅಡಿ ರವದಿ ಹೊದಿಸಿದರೂ ಭಾರ ನೂರು, ನೂರೈವತ್ತು ಕಿಲೋ ಮಾತ್ರ.

ಖರ್ಚಿನ ಮಾತು ಬೇರೆ. ಥರ್ಮಾಕೋಲಿಗೆ ಒಂದೇ ಸಲ ರೊಕ್ಕ ಎಣಿಸಬೇಕು. ಹಾಳೆಯ ಜೊತೆಗೆ ಚೌಕಟ್ಟು, ಬಡಗಿಯ ಕೂಲಿ. ಕೈಯಲ್ಲಿ ಇಲ್ಲದಿದ್ದರೆ ಸಾಲದ ಬಡ್ಡಿ. ರವದಿಯನ್ನು ಎಷ್ಟೋ ಕಡೆ ಹೊಲದಲ್ಲೇ ಸುಡುತ್ತಾರೆ, ಕೇಳಿದರೆ ಪುಕ್ಕಟೆ ಸಿಕ್ಕೀತು. ಆದರೆ ಗಾಡಿ ಬಾಡಿಗೆ ಇದೆ, ಕಟ್ಟಲು ಎರಡು ದಿನದ ದುಡಿಮೆ ಇದೆ, ಗೆದ್ದಲು ಇಲಿಗಳ ಕಾಟವಿದೆ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಕೂಲಿ ಬಿಟ್ಟು ಮನೆಯಲ್ಲಿ ದುಡಿದ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅದನ್ನು ಯಾರೂ ಹಿಡಿಯುವುದಿಲ್ಲ. ಬೆಂಕಿಯ ಭಯ ಎರಡಕ್ಕೂ ಉಂಟು; ಒಲೆಯ ಮೇಲೆ ಎರಡೂ ಬೇಡ.

ಜೋಳದ ಕಣಿಕೆ ಹಾಕಬಹುದಲ್ಲ ಎನ್ನುವವರಿದ್ದಾರೆ. ಲಾತೂರಿಗೆ ರೈಲಿನಲ್ಲಿ ನೀರು ತರಿಸಿದ 2016ರಂಥ ವರ್ಷದಲ್ಲಿ ಕಣಿಕೆಯನ್ನು ದನದ ಬಾಯಿಂದ ತಪ್ಪಿಸಿ ಮಾಡಿಗೆ ಏರಿಸುವವರು ಯಾರು? ಕಬ್ಬಿನ ಹೊಲ ಹತ್ತಿರವಿದ್ದವರಿಗೆ ರವದಿಯೇ ಅಗ್ಗವೆಂದು ನಮಗೆ ತೋರುತ್ತದೆ. ಹೊಲವೂ ಬಿಡುವೂ ಇಲ್ಲದವರಿಗೆ ಥರ್ಮಾಕೋಲ್. ಕಾಂಕ್ರೀಟಿನ ಮನೆಯವರು ಎರಡಕ್ಕೂ ಮೊದಲು ಮಾಡಿನ ಮೇಲೆ ದಪ್ಪಗೆ ಸುಣ್ಣ ಬಳಿದು ನೋಡಲಿ, ಒಂದು ಬೇಸಿಗೆ ನೋಡಿ ಮುಂದಿನ ಖರ್ಚು ಯೋಚಿಸಲಿ.