ಕೈಸರನ ಜಾತಕ

ನಮ್ಮ ಮನೆಯಲ್ಲಿ ಮೂರು ತಲೆಮಾರಿನ ವಂಶಾವಳಿ ಕಾಗದದ ಮೇಲಿರುವುದು ಒಬ್ಬನದು ಮಾತ್ರ. ಅವನು ಜರ್ಮನ್ ಶೆಫರ್ಡ್. ನನ್ನ ಮುತ್ತಜ್ಜನ ಹೆಸರು ಕೇಳಿದರೆ ನಾನು ಅಮ್ಮನ ಮುಖ ನೋಡಬೇಕು. ಕೈಸರನ ಮುತ್ತಜ್ಜ ಎಲ್ಲಿ ಪದಕ ಗೆದ್ದ ಎಂಬುದು ಬೀರುವಿನ ಫೈಲಿನಲ್ಲಿದೆ. ಅಮ್ಮನ ಬಾಯಲ್ಲಿ ಮಾತ್ರ ಅವನು ಕೇಸರಿ. ಎರಡು ಹೆಸರಿಗೂ ಓಗೊಡುತ್ತಾನೆ. ಎರಡನೆಯದಕ್ಕೆ ತುಸು ಬೇಗ, ಅದರ ಹಿಂದೆ ಚಪಾತಿ ಚೂರು ಬರುವುದುಂಟಲ್ಲ.

ಒಂಬತ್ತು ತುಂಬಿದ ಮೇಲೆ ಅವನು ಓಡಾಡಿದಾಗೆಲ್ಲ ಪರಪರ ಎಂದು ನೆಲ ಕೆರೆಯುವ ಸದ್ದು ಶುರುವಾಯಿತು. ಹಿಂಗಾಲು ಹಿಡಿದು ನೋಡಿದರೆ ನಡುವಿನ ಎರಡು ಉಗುರು ಸವೆದು ಮೊಂಡಾಗಿದ್ದವು, ಪಕ್ಕದವು ನೆಟ್ಟಗಿದ್ದವು. ಅಮ್ಮ ಒಂದೇ ನೋಟಕ್ಕೆ ವಾತ ಎಂದು ತೀರ್ಮಾನಿಸಿ ಮಹಾನಾರಾಯಣ ತೈಲ ತಂದರು. ಅವರು ತಿಕ್ಕಿದ್ದನ್ನೆಲ್ಲ ಅವನು ಶ್ರದ್ಧೆಯಿಂದ ನೆಕ್ಕಿದ. ಎದುರು ಮನೆಯ ನಿವೃತ್ತ ಮೇಷ್ಟ್ರು, "ಸೊಂಟ ಕಣ್ರೀ, ಈ ಜಾತಿಗೆ ಸೊಂಟದ್ದೇ ತಾಪತ್ರಯ" ಎಂದರು. ಸುಳ್ಳಲ್ಲ. ಸೊಂಟದ ಕೀಲು ಸಡಿಲವಾಗುವುದು, ಮೇದೋಜೀರಕ ಗ್ರಂಥಿ ಕೈಕೊಡುವುದು, ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದು, ಮೂರ್ಛೆ, ಇಷ್ಟೂ ಈ ಕುಲೀನರ ಆಸ್ತಿ.

ಪಶುವೈದ್ಯರು ಯಾರ ಮಾತನ್ನೂ ಒಪ್ಪಲಿಲ್ಲ. ಅವನನ್ನು ನಿಲ್ಲಿಸಿ, ಹಿಂಗಾಲಿನ ಪಂಜವನ್ನು ಮಡಚಿ, ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟರು. ಗಟ್ಟಿಮುಟ್ಟಾದ ನಾಯಿ ಆ ಕ್ಷಣವೇ ಪಂಜ ತಿರುಗಿಸಿ ಊರುತ್ತದೆ. ಕೈಸರ್ ಹಾಗೇ ನಿಂತು ವೈದ್ಯರ ಜೇಬು ಮೂಸುತ್ತಿದ್ದ. ಕಾಲು ಹೇಗಿದೆ ಎಂಬ ಸುದ್ದಿಯೇ ಮಿದುಳಿಗೆ ಮುಟ್ಟಿರಲಿಲ್ಲ. ಕಾಯಿಲೆಯ ಹೆಸರು ಡೀಜನರೇಟಿವ್ ಮೈಲೋಪತಿ. ನಡುಬೆನ್ನಿನ ಕಡೆಯಿಂದ ಬೆನ್ನುಹುರಿಯ ನರತಂತುಗಳೂ ಅವುಗಳ ಹೊದಿಕೆಯೂ ಮೆಲ್ಲಗೆ ನಶಿಸುತ್ತವೆ. ನೋವಿಲ್ಲ, ಮದ್ದೂ ಇಲ್ಲ. ಸ್ಕ್ಯಾನ್ ಮಾಡಿದರೆ ಬೇರೆ ಕಾಯಿಲೆ ಅಲ್ಲವೆಂದು ತಿಳಿಯುತ್ತದೆ, ಅಷ್ಟೆ. ಇದೇ ಹೌದೆಂದು ಖಚಿತವಾಗುವುದು ಸತ್ತ ಮೇಲೆ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ. ಇಷ್ಟು ಸಾವಧಾನವನ್ನು ನಾನು ಸರ್ಕಾರಿ ಕಚೇರಿಯಲ್ಲೂ ಕಂಡಿಲ್ಲ.

ಈ ಕಾಯಿಲೆಯನ್ನು 1973ರಲ್ಲಿ ಮೊದಲು ವಿವರಿಸಿದ್ದೇ ಜರ್ಮನ್ ಶೆಫರ್ಡ್‌ಗಳಲ್ಲಿ. 2009ರಲ್ಲಿ ಅಮೆರಿಕದ ಸಂಶೋಧಕರು ಕಾರಣದ ಜೀನನ್ನು ಹಿಡಿದರು: ಎಸ್‌ಒಡಿ1. ಮನುಷ್ಯರಲ್ಲಿ ಕೆಲವರಿಗೆ ಬರುವ ಎಎಲ್‌ಎಸ್ ಎಂಬ ನರರೋಗದ ಹಿಂದೆ ಇದೇ ಜೀನ್ ಇರುವುದು 1993ರಲ್ಲೇ ಗೊತ್ತಾಗಿತ್ತು. ಅಮ್ಮನಿಗೆ ಹೇಳಿದೆ. "ಮನುಷ್ಯರ ಕಾಯಿಲೆ ಮನುಷ್ಯರಿಗೇ ಸಾಕಾಗಿತ್ತು" ಎಂದರು.

ದೂರುವುದಾದರೆ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಜರ್ಮನ್ ಕುದುರೆಪಡೆಯ ಕ್ಯಾಪ್ಟನ್ನನ್ನು ದೂರಬಹುದು. 1899ರಲ್ಲಿ ಕಾರ್ಲ್ಸ್‌ರೂಹೆಯ ಪ್ರದರ್ಶನದಲ್ಲಿ ಒಂದು ಕುರಿ ಕಾಯುವ ನಾಯಿ ಕಂಡು ಮನಸೋತು ಅಲ್ಲೇ ಕೊಂಡರು, ಹೊರಾಂಡ್ ಎಂದು ಹೆಸರಿಟ್ಟರು, ತಳಿಯ ದಾಖಲೆಯಲ್ಲಿ ಮೊದಲನೆಯವನಾಗಿ ಬರೆದರು. ಆಮೇಲೆ ಅವನ ಸಂತಾನದಲ್ಲೇ ಮತ್ತೆ ಮತ್ತೆ ಸಂಬಂಧ ಬೆಳೆಸಿದರು. ನಮ್ಮ ಕಡೆ ಒಂದೇ ಗೋತ್ರವಾದರೆ ಹೆಣ್ಣು ಕೊಡುವುದಿಲ್ಲ. ಕ್ಯಾಪ್ಟನ್ನರ ಹತ್ತಿರ ಪುರೋಹಿತರಿರಲಿಲ್ಲ.

ಈಗ ಮನೆಯ ಟೈಲ್ಸ್ ಕಾಣಿಸುವುದಿಲ್ಲ. ನುಣುಪು ನೆಲದಲ್ಲಿ ಅವನ ಹಿಂಗಾಲು ಜಾರಿ ಅಗಲವಾಗುತ್ತವೆಂದು ಬಾಗಿಲಿನಿಂದ ಅಡುಗೆಮನೆಯವರೆಗೆ ಯೋಗದ ಚಾಪೆ ಹಾಸಿದ್ದೇವೆ. ಮನೆಯಲ್ಲಿ ಯೋಗ ಮಾಡುವವರು ಯಾರೂ ಇಲ್ಲ. ಬೆಳಗಿನ ವಾಕಿಂಗಿಗೆ ಹೊಟ್ಟೆಯಡಿ ಹಳೇ ಟವೆಲ್ ಕೊಟ್ಟು ನಾನು ಹಿಂದಿನ ಅರ್ಧ ಎತ್ತಿ ಹಿಡಿಯುತ್ತೇನೆ; ಎತ್ತ ಹೋಗಬೇಕೆಂದು ಮುಂದಿನ ಅರ್ಧ ತೀರ್ಮಾನಿಸುತ್ತದೆ. ಕೊರಿಯರ್ ಹುಡುಗ ಬಂದರೆ ಈಗಲೂ ಗೇಟಿನತ್ತ ಗುಡುಗುತ್ತಾನೆ. ಹಿಂಭಾಗ ಕುಸಿದು ಕೂತುಬಿಟ್ಟರೆ, ಕೂರಬೇಕೆಂದೇ ಕೂತವನ ಗತ್ತಿನಲ್ಲಿ ಕತ್ತು ತಿರುಗಿಸಿ ನನ್ನನ್ನು ನೋಡುತ್ತಾನೆ. ಟವೆಲಿಗೂ ತನಗೂ ಸಂಬಂಧವಿದೆ ಎಂದು ಅವನಿನ್ನೂ ಒಪ್ಪಿಲ್ಲ. ವ್ಯಾಯಾಮ ಮಾಡಿಸಿದರೆ ಕಾಲು ಇನ್ನೂ ಕೆಲವು ತಿಂಗಳು ನಿಂತೀತು ಎಂದಿದ್ದಾರೆ ವೈದ್ಯರು. ಆಮೇಲೆ ಮುಂಗಾಲಿನ ಸರದಿ.

ಮರಿ ತರಬೇಕೆಂದಿರುವವರಿಗೆ ಒಂದು ಮಾತು. ದೋಷದ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಅಪಾಯ ಹೆಚ್ಚು. ಬಂದವರೆಲ್ಲರಿಗೂ ಕಾಯಿಲೆ ಕಾಣಿಸಿಕೊಳ್ಳುತ್ತದೆಂದೂ ಇಲ್ಲ. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ತೆಗೆದ ಎಂಜಲಲ್ಲೇ ಪರೀಕ್ಷೆ ಆಗುತ್ತದೆ. ಮಾರುವವರು ಮುತ್ತಜ್ಜನ ಪದಕ ತೋರಿಸುತ್ತಾರೆ. ನೀವು ಅಪ್ಪ ಅಮ್ಮನ ಎಸ್‌ಒಡಿ1 ರಿಪೋರ್ಟು ಕೇಳಿ.