ಇನ್ಸುಲಿನ್ ಪಂಪ್ ಮತ್ತು ರಾತ್ರಿ ಪಾಳಿ

ಟೈಪ್ 1 ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ಆ ಕೆಲಸವನ್ನು ಹೊರಗಿನಿಂದ ಮಾಡುವುದು ಸ್ವಯಂಚಾಲಿತ ಪಂಪ್. ಚರ್ಮದಡಿಯ ಸೆನ್ಸರ್ ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ಗ್ಲೂಕೋಸ್ ಮಟ್ಟ ತಿಳಿಸುತ್ತದೆ. ಪಂಪ್ ಅದಕ್ಕೆ ತಕ್ಕಂತೆ ಇನ್ಸುಲಿನ್ ಹೆಚ್ಚಿಸುತ್ತದೆ, ತಗ್ಗಿಸುತ್ತದೆ, ನಿಲ್ಲಿಸುತ್ತದೆ. ಇಂಥ ಮೊದಲ ಸಾಧನಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಬೆಲೆ ಲಕ್ಷಗಳಲ್ಲಿ, ಸೆನ್ಸರ್, ನಳಿಕೆಗಳ ಖರ್ಚು ತಿಂಗಳು ತಿಂಗಳೂ ಬೇರೆ.

ಊಟದ ಲೆಕ್ಕ ಮಾತ್ರ ಬಹುತೇಕ ಸಾಧನಗಳಲ್ಲಿ ಇಂದಿಗೂ ಮನುಷ್ಯನದೇ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಅಲ್ಲಿ ಸಕ್ಕರೆಯ ಏರಿಳಿತ ಕೆಲವು ನಿಮಿಷ ತಡವಾಗಿ ಕಾಣುತ್ತದೆ. ಇನ್ಸುಲಿನ್ ಕೆಲಸ ಶುರುಮಾಡಲೂ ಹೊತ್ತು ಬೇಕು. ಹಾಗಾಗಿ ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನಿನಲ್ಲಿ ಮುದ್ದೆಯೋ ಬಿಸಿಬೇಳೆಬಾತೋ, ಕಾರ್ಬೋಹೈಡ್ರೇಟ್ ಎಷ್ಟೆಂದು ತಿನ್ನುವ ಮೊದಲೇ ಪಂಪಿಗೆ ಹೇಳಬೇಕು. ರಾಗಿ ಎಂದ ಮಾತ್ರಕ್ಕೆ ರಿಯಾಯಿತಿಯಿಲ್ಲ.

ಹೆಚ್ಚು ಲಾಭ ರಾತ್ರಿ ಪಾಳಿಯವರಿಗೆ. ಊಟ, ನಿದ್ದೆಯ ಹೊತ್ತು ಅದಲುಬದಲಾದರೂ ಪಂಪ್ ಆಗಿಂದಾಗ್ಗೆ ಪ್ರಮಾಣ ಬದಲಿಸುತ್ತದೆ. ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ಇನ್ಸುಲಿನ್‌ಗೆ ಅದು ಸಾಧ್ಯವಿಲ್ಲ. ವೈಟ್‌ಫೀಲ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಸಕ್ಕರೆ ಕುಸಿದರೆ ಮಾತ್ರ ಗ್ಲೂಕೋಸ್ ಬಾಯಿಗೆ ಹಾಕಿಕೊಳ್ಳಲೇಬೇಕು. ಪಂಪ್ ಇನ್ಸುಲಿನ್ ನಿಲ್ಲಿಸಬಲ್ಲದೇ ಹೊರತು ಸಕ್ಕರೆ ಕೊಡಲಾರದು. ಪೀಣ್ಯದ ಕಾರ್ಖಾನೆಗಳಲ್ಲಿ ಕುಲುಮೆಯ ಬಳಿ ನಿಲ್ಲುವವರಿಗೆ ಇನ್ನೊಂದು ಎಚ್ಚರ: ಅತಿ ಬಿಸಿಗೆ ಇನ್ಸುಲಿನ್ ಕೆಡುತ್ತದೆ, ಪ್ರಬಲ ಅಯಸ್ಕಾಂತ ಕ್ಷೇತ್ರ ಪಂಪಿಗೆ ಆಗದು.

ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ನಳಿಕೆ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಏರಿ ಪ್ರಾಣಾಪಾಯವಾಗಬಹುದು. ಪಂಪ್ ಇದ್ದರೂ ಬ್ಯಾಗಿನಲ್ಲಿ ಇನ್ಸುಲಿನ್ ಪೆನ್ ಸದಾ ಇರಬೇಕು.